ಗುಂಡಿಗೂ ಮೊದಲಿನ ಗಾಯ

ದೀಪಾವಳಿ ಬಂತು ಅಂದ್ರೆ ವಿಜಯಪುರದ ಜಲನಗರದ ನಿವೃತ್ತ ಹವಾಲ್ದಾರರೊಬ್ಬರು ಒಳಕೋಣೆ ಸೇರಿ ಬಾಗಿಲು ಹಾಕ್ಕೊಳ್ತಾರೆ. ಕಾರ್ಗಿಲ್‌ನಲ್ಲಿ ಕಾದಾಡಿ ಬಂದ ಮನುಷ್ಯ, ಪಟಾಕಿಗೆ ಹೆದರ್ತಾರೆ ಅಂತ ಓಣಿಯ ಹುಡುಗರಿಗೆ ನಗು. ನಾನು ಯುದ್ಧದ ಬಗ್ಗೆ ಕೇಳೋಕೆ ಹೋಗಿದ್ದೆ. ಅವರು ಕ್ಯಾಮೆರಾ ಆಫ್ ಮಾಡಿಸಿ ಹೇಳಿದ್ದು ಅಪ್ಪನ ಬಾರಕೋಲಿನ ಕಥೆ. "ಕನಸಿನ್ಯಾಗ ಗುಂಡೂ ಬರತಾವ್ರೀ, ಅಪ್ಪನೂ ಬರತಾನ್ರೀ" ಅಂದ್ರು.

1963ರಲ್ಲೇ ಸೈನಿಕ ಶಾಲೆ ಬಂದ ಊರಿದು. ಸೈನ್ಯ ಅಂದ್ರೆ ಇಲ್ಲಿ ಹೆಮ್ಮೆ. ಜೊತೆಗೆ ನಮ್ಮ ಕಡೆ ಇನ್ನೊಂದು ನಂಬಿಕೆ: ಪೆಟ್ಟು ತಿಂದ ಹುಡುಗ ಗಟ್ಟಿಯಾಗ್ತಾನೆ. ನಿಜಾನಾ?

ಇತಿಹಾಸ ನೋಡಿ. ಮೊದಲ ಮಹಾಯುದ್ಧದಲ್ಲಿ ಗಾಯವೇ ಇಲ್ಲದೆ ಗಡಗಡ ನಡುಗುವ, ಮಾತೇ ನಿಂತುಹೋದ ಸೈನಿಕರು ಆಸ್ಪತ್ರೆಗೆ ಬಂದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ ಇದನ್ನು 'ಶೆಲ್ ಶಾಕ್' ಎಂದು ಕರೆದು ಬರೆದ. ಆದರೆ ಸೇನಾ ನ್ಯಾಯಾಲಯಗಳಿಗೆ ಇದೆಲ್ಲ ಎಲ್ಲಿ ಕಾಣಬೇಕು? ಹೇಡಿತನ, ಪಲಾಯನ ಅಂತೆಲ್ಲ ಆರೋಪ ಹೊರಿಸಿ ಬ್ರಿಟನ್ 300ಕ್ಕೂ ಹೆಚ್ಚು ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ, ಸ್ವಾಮಿ! ವಿಯೆಟ್ನಾಂ ಯುದ್ಧ ಮುಗಿದ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರು ಇದನ್ನು ಪಿಟಿಎಸ್‌ಡಿ ಎಂಬ ಕಾಯಿಲೆಯಾಗಿ ಒಪ್ಪಿಕೊಂಡರು.

ಒಂದು ಪ್ರಶ್ನೆ ಆಗಲೂ ಉಳಿದಿತ್ತು. ಒಂದೇ ಯುದ್ಧ, ಒಬ್ಬ ಕುಸಿಯುತ್ತಾನೆ, ಪಕ್ಕದವನು ನಿಲ್ಲುತ್ತಾನೆ. ಯಾಕೆ? 1993ರಲ್ಲಿ ಬ್ರೆಮ್ನರ್ ಮತ್ತು ಸಂಗಡಿಗರು ವಿಯೆಟ್ನಾಂ ಯೋಧರ ಬಾಲ್ಯವನ್ನು ಕೆದಕಿದರು. ಪಿಟಿಎಸ್‌ಡಿ ಇದ್ದವರಲ್ಲಿ 26% ಜನ ಚಿಕ್ಕಂದಿನಲ್ಲಿ ದೈಹಿಕ ಹಿಂಸೆ ಅನುಭವಿಸಿದ್ದರು. ಇಲ್ಲದವರಲ್ಲಿ 7% ಮಾತ್ರ. ಯಾರು ಎಷ್ಟು ಕಾಳಗ ಕಂಡರು ಅನ್ನೋದನ್ನ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯಿತು. ಚಿಕ್ಕ ಅಧ್ಯಯನ, ಅರವತ್ತಾರು ಜನ ಅಷ್ಟೇ. ಹೊಡೆತ ತಿಂದವರೆಲ್ಲ ಕುಸಿಯುತ್ತಾರೆ ಅಂತಲೂ ಅಲ್ಲ. ಆದರೆ ಬಾರಕೋಲು ಹುಡುಗನನ್ನು ಗಟ್ಟಿ ಮಾಡುತ್ತೆ ಅನ್ನೋ ಮಾತಿಗೆ ಇಲ್ಲಿ ಆಧಾರ ಸಿಗಲ್ಲ.

2007ರಲ್ಲಿ ಹೊರಬಂದ ವರದಿಗಾಗಿ ಕೇಂದ್ರ ಸರ್ಕಾರ 13 ರಾಜ್ಯಗಳ ಮಕ್ಕಳನ್ನು ಕೇಳಿಸಿತ್ತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದವರು. ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ. ಖುಷಿಪಡಬೇಡಿ, ನಮ್ಮನ್ನು ಕೇಳಿರಲಿಲ್ಲ ಅಷ್ಟೇ.

ಹವಾಲ್ದಾರರು ಈಗ ಡಾಕ್ಟರ ಬಳಿ ಹೋಗ್ತಾರೆ, ಮಾತ್ರೆ ನುಂಗ್ತಾರೆ. ಡಾಕ್ಟರು ಕಾರ್ಗಿಲ್ ಬಗ್ಗೆ ಕೇಳ್ತಾರಂತೆ. ಬಾರಕೋಲಿನ ವಿಷಯ ಬಂದೇ ಇಲ್ಲ. "ನೀವೇ ಹೇಳಬಹುದಿತ್ತಲ್ಲ?" ಅಂದೆ.

"ಸತ್ತ ಅಪ್ಪನ ಮ್ಯಾಲ ಹೆಂಗ ಹೇಳೂದ್ರೀ?" ಅಂದ್ರು.