ಅಜ್ಜ ತಂದ ಪಿಸ್ತೂಲು: ಬೆಲೆ ಎಷ್ಟು, ಕಥೆ ಯಾರದು?

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದಾಗ ಯುರೋಪಿನಿಂದ ಊರಿಗೆ ಹೊರಟ ಅಮೆರಿಕದ ಸೈನಿಕರ ಚೀಲಗಳಲ್ಲಿ ಸೋತ ಜರ್ಮನ್ ಸೇನೆಯ ಪಿಸ್ತೂಲುಗಳೂ ಇದ್ದವು. ಶತ್ರುವಿನಿಂದ ವಶಪಡಿಸಿಕೊಂಡ ಇಂಥ ವಸ್ತುವನ್ನು ಯುದ್ಧದ ನೆನಪಾಗಿ ಒಯ್ಯಲು ಮೇಲಧಿಕಾರಿಯ ಸಹಿಯುಳ್ಳ ಒಂದು ಚೀಟಿ ಬೇಕಾಗಿತ್ತು. ಚೀಟಿ ಪಡೆದು ತಂದವರಿದ್ದರು, ಪಡೆಯದೆಯೇ ತಂದವರೂ ಇದ್ದರು. ಈಗ ಆ ಪೀಳಿಗೆಯ ಬಹುಪಾಲು ಮಂದಿ ಉಳಿದಿಲ್ಲ. ಅವರು ಅಟ್ಟದ ಪೆಟ್ಟಿಗೆಯಲ್ಲಿ ಇಟ್ಟಿದ್ದ ಆಯುಧ ಮಕ್ಕಳ, ಮೊಮ್ಮಕ್ಕಳ ಕೈಗೆ ಬಂದಿದೆ. ಜೊತೆಗೇ ಎರಡು ಪ್ರಶ್ನೆಗಳೂ ಬಂದಿವೆ: ಇದು ಯಾವ ಪಿಸ್ತೂಲು? ಇದರ ಬೆಲೆ ಎಷ್ಟು?

ಹೀಗೆ ಮನೆ ಸೇರಿದ ಆಯುಧಗಳಲ್ಲಿ ಅತ್ಯಂತ ಹೆಸರಾದುದು ಲೂಗರ್. ಹ್ಯೂಗೊ ಬೋರ್ಕಾರ್ಟ್ 1893ರಲ್ಲಿ ರೂಪಿಸಿದ ಪಿಸ್ತೂಲನ್ನು ಆಸ್ಟ್ರಿಯಾದ ಗೇಯಾರ್ಗ್ ಲೂಗರ್ ತಿದ್ದಿ ಹಗುರಗೊಳಿಸಿದ. ಸ್ವಿಟ್ಜರ್ಲೆಂಡಿನ ಸೇನೆ ಅದನ್ನು 1900ರಲ್ಲಿ ಒಪ್ಪಿಕೊಂಡಿತು. ಜರ್ಮನಿಯ ನೌಕಾಪಡೆ 1904ರಲ್ಲಿ, ಭೂಸೇನೆ 1908ರಲ್ಲಿ ಸ್ವೀಕರಿಸಿದವು. ಆದ್ದರಿಂದಲೇ ಜರ್ಮನ್ ಸೇನೆಯ ದಾಖಲೆಯಲ್ಲಿ ಇದರ ಹೆಸರು ‘ಪಿಸ್ತೂಲು 08’. ಮ್ಯಾಗಜೀನಿನಲ್ಲಿ 8 ಗುಂಡು ಹಿಡಿಯುತ್ತವೆ. ಗುಂಡು ಹಾರಿದಾಗ ಮೇಲ್ಭಾಗದ ಕೀಲು ಮೊಣಕಾಲಿನಂತೆ ಮೇಲಕ್ಕೆ ಮಡಚಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಲೂಗರನ್ನು ದೂರದಿಂದಲೇ ಗುರುತಿಸಲು ಈ ಕೀಲು ಸಾಕು.

ಕೈಗೆತ್ತಿಕೊಂಡವರು ಮೊದಲು ಗಮನಿಸಬೇಕಾದುದು ಬೆಲೆಯನ್ನಲ್ಲ, ಅಪಾಯವನ್ನು. ಲೂಗರಿನ ಮೇಲೆ ‘ಗೆಲಾಡನ್’ ಎಂಬ ಪದ ಕೊರೆದಿರುತ್ತದೆ. ಇದು ತಯಾರಕರ ಹೆಸರಲ್ಲ. ‘ಗುಂಡು ತುಂಬಿದೆ’ ಎಂಬುದು ಅದರ ಅರ್ಥ. ಕೋಣೆಯಲ್ಲಿ ಗುಂಡಿದ್ದರೆ ಮಾತ್ರ ಆ ಪದವಿರುವ ಪಟ್ಟಿ ಮೇಲೆದ್ದು ಕಾಣುತ್ತದೆ. ಸೈನಿಕ ತುಂಬಿಟ್ಟ ಗುಂಡು ದಶಕಗಳ ನಂತರವೂ ಸಿಡಿಯಬಲ್ಲದು. ಹಳೆಯ ಪಿಸ್ತೂಲನ್ನು ತುಂಬಿದ್ದೆಂದೇ ಭಾವಿಸಿ ಬಲ್ಲವರಿಂದ ಪರೀಕ್ಷಿಸುವುದು ಕ್ಷೇಮ.

ಗುರುತುಗಳ ಭಾಷೆ

ಲೂಗರ್ ಒಂದೇ ಕಾರ್ಖಾನೆಯ ಸರಕಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬರ್ಲಿನ್ನಿನ ಡಿಡಬ್ಲ್ಯುಎಂ ಕಂಪೆನಿ ಮತ್ತು ಎರ್‌ಫುರ್ಟಿನ ಸರ್ಕಾರಿ ಕಾರ್ಖಾನೆ ಇದನ್ನು ತಯಾರಿಸಿದವು. ಕೀಲಿನ ಮೇಲೆ ತಯಾರಕರ ಮುದ್ರೆ, ಗುಂಡಿನ ಕೋಣೆಯ ಮೇಲೆ ವರ್ಷ ಇರುತ್ತದೆ. ಆ ಯುದ್ಧದ ಕೆಲವು ಪಿಸ್ತೂಲುಗಳಲ್ಲಿ ಹಿಡಿಯ ಮುಂಭಾಗದ ಲೋಹಪಟ್ಟಿಯ ಮೇಲೆ ರೆಜಿಮೆಂಟಿನ ಸಂಖ್ಯೆ, ಕಂಪೆನಿಯ ಸಂಖ್ಯೆ, ಆಯುಧದ ಸಂಖ್ಯೆಗಳು ಸಾಲಾಗಿ ಕಾಣುತ್ತವೆ. ಅದನ್ನು ಓದಲು ಬಲ್ಲವರಿಗೆ ಪಿಸ್ತೂಲು ಯಾವ ತುಕಡಿಯ ಸೈನಿಕರ ಸೊಂಟದಲ್ಲಿತ್ತು ಎಂಬುದು ತಿಳಿಯುತ್ತದೆ.

ರಾಜಕೀಯ ಚರಿತ್ರೆಯೂ ಈ ಮುದ್ರೆಗಳಲ್ಲಿ ಅಡಗಿದೆ. 1919ರ ವರ್ಸೈ ಒಪ್ಪಂದ ಜರ್ಮನಿಯ ಭೂಸೇನೆಯನ್ನು ಒಂದು ಲಕ್ಷಕ್ಕೆ ಮಿತಿಗೊಳಿಸಿತು. ಹಳೆಯ ಆಯುಧಗಳಲ್ಲಿ ಸೇನೆ ತನ್ನದಾಗಿ ಉಳಿಸಿಕೊಂಡ ಕೆಲವಕ್ಕೆ 1920 ಎಂಬ ಮುದ್ರೆ ಬಿತ್ತು. ಆದ್ದರಿಂದ ಒಂದೇ ಪಿಸ್ತೂಲಿನ ಮೇಲೆ 1917 ಮತ್ತು 1920 ಎಂಬ ಎರಡು ವರ್ಷ ಕಂಡರೆ ಗಾಬರಿಯಾಗಬೇಕಿಲ್ಲ. ಆ ಚಿಕ್ಕ ಸೇನೆಗೆ ಪಿಸ್ತೂಲು ಒದಗಿಸುವ ಅನುಮತಿ ಸೂಲ್ ಪಟ್ಟಣದ ಸಿಮ್ಸನ್ ಕಂಪೆನಿಗೆ ದೊರೆಯಿತು. ಅದು ಯಹೂದಿ ಕುಟುಂಬವೊಂದರ ಕಾರ್ಖಾನೆ. 1930ರ ದಶಕದ ಮಧ್ಯದಲ್ಲಿ ನಾತ್ಸಿ ಸರ್ಕಾರ ಅದನ್ನು ಕಿತ್ತುಕೊಂಡಿತು, ಕುಟುಂಬ ದೇಶ ಬಿಟ್ಟಿತು. ಸಿಮ್ಸನ್ ಹೆಸರಿರುವ ಲೂಗರ್ ಈ ಅನ್ಯಾಯಕ್ಕೂ ಸಾಕ್ಷಿ.

ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಮೌಸರ್ ಕಾರ್ಖಾನೆ ಸೇನೆಗಾಗಿ ಲೂಗರ್ ತಯಾರಿಕೆ ಹೆಚ್ಚಿಸಿತು. ಒಪ್ಪಂದ ಮುರಿಯುತ್ತಿರುವುದು ಹೊರಗೆ ತಿಳಿಯಬಾರದಲ್ಲ! ಕಂಪೆನಿಯ ಹೆಸರಿನ ಬದಲು ‘ಎಸ್/42’ ಎಂಬ ಸಂಕೇತ ಬಂತು. ವರ್ಷವನ್ನೂ ಮರೆಮಾಚಿ 1934ಕ್ಕೆ ‘ಕೆ’, 1935ಕ್ಕೆ ‘ಜಿ’ ಎಂದು ಒತ್ತಿದರು. ಮುಚ್ಚುಮರೆಯ ಅಗತ್ಯ ಮುಗಿದಾಗ 1936ರಿಂದ ವರ್ಷ ಬಹಿರಂಗವಾಗಿಯೇ ಕಾಣಿಸಿಕೊಂಡಿತು. 1941ರಲ್ಲಿ ಮೌಸರಿನ ಸಂಕೇತ ‘ಬಿವೈಎಫ್’ ಆಯಿತು. ಮರುವರ್ಷ ಮೌಸರ್ ಸೇನೆಗಾಗಿ ಲೂಗರ್ ತಯಾರಿಸುವುದನ್ನು ನಿಲ್ಲಿಸಿತು. ತಯಾರಿಕೆ ಸುಲಭವಿದ್ದ ವಾಲ್ಟರ್ ಪಿ-38 ಅದರ ಜಾಗಕ್ಕೆ ಬಂದಿತ್ತು.

ಸಂಖ್ಯೆ ಹೊಂದಿದರೆ ಬೆಲೆ

ತಯಾರಕರು ಮತ್ತು ವರ್ಷ ತಿಳಿದ ಮೇಲೆ ಸಂಗ್ರಾಹಕರು ನೋಡುವುದು ಸಂಖ್ಯೆ. ಸೇನೆಯ ಲೂಗರಿನ ಮುಖ್ಯ ಭಾಗಗಳಲ್ಲಿ ಪೂರ್ಣ ಸಂಖ್ಯೆಯೂ ಚಿಕ್ಕ ಭಾಗಗಳಲ್ಲಿ ಅದರ ಕೊನೆಯ ಎರಡು ಅಂಕಿಗಳೂ ಇರುತ್ತವೆ. ಎಲ್ಲವೂ ಒಂದಕ್ಕೊಂದು ಹೊಂದಿದರೆ ಪಿಸ್ತೂಲು ಕಾರ್ಖಾನೆಯಿಂದ ಹೊರಬಿದ್ದ ರೂಪದಲ್ಲೇ ಉಳಿದಿದೆ ಎಂದು ನಂಬಲು ಆಧಾರವಾಗುತ್ತದೆ. ಮ್ಯಾಗಜೀನಿನ ಸಂಖ್ಯೆಯೂ ಹೊಂದಿದರೆ ಬೆಲೆ ಇನ್ನೂ ಏರುತ್ತದೆ. ಯುದ್ಧದಲ್ಲಿ ಮ್ಯಾಗಜೀನ್ ಕಳೆದುಹೋಗುವುದು, ಅದಲುಬದಲಾಗುವುದು ಸಾಮಾನ್ಯವಾಗಿತ್ತು.

ಆದರೆ ಬರಿಯ ಸಂಖ್ಯೆಯಿಂದ ಪಿಸ್ತೂಲನ್ನು ಗುರುತಿಸಲಾಗದು. ಸುಮಾರು ಹತ್ತು ಸಾವಿರ ಮುಟ್ಟಿದ ಮೇಲೆ ಒಂದು ಅಕ್ಷರ ಸೇರಿಸಿ ಎಣಿಕೆಯನ್ನು ಮತ್ತೆ ಒಂದರಿಂದ ಆರಂಭಿಸುತ್ತಿದ್ದರು. ಹಾಗಾಗಿ ಒಂದೇ ಅಂಕಿಯ ಪಿಸ್ತೂಲುಗಳು ಹಲವಾರು ಇರಬಹುದು. ತಯಾರಕರು, ವರ್ಷ, ಸಂಖ್ಯೆ, ಅಕ್ಷರ ನಾಲ್ಕೂ ಸೇರಿದರೇ ಗುರುತು ಪೂರ್ಣ.

ವಾರಸುದಾರರು ಒಳ್ಳೆಯ ಉದ್ದೇಶದಿಂದಲೇ ನಷ್ಟ ಮಾಡಿಕೊಳ್ಳುವುದು ಇಲ್ಲಿ. ಮಸುಕಾದ ಲೋಹವನ್ನು ಉಜ್ಜಿ, ಹೊಸದಾಗಿ ಕಪ್ಪು ಬಣ್ಣ ಕಟ್ಟಿಸಿದರೆ ಪಿಸ್ತೂಲು ಥಳಥಳ ಹೊಳೆಯುತ್ತದೆ. ಆದರೆ ಮೂಲ ಲೇಪ ಹೋಗುತ್ತದೆ, ಮುದ್ರೆಗಳ ಅಂಚು ಸವೆಯುತ್ತದೆ, ಅದರೊಂದಿಗೆ ಬೆಲೆಯೂ ಕುಸಿಯುತ್ತದೆ. ತೆಳುವಾಗಿ ಎಣ್ಣೆ ಸವರಿದರೆ ಸಾಕು. ಚರ್ಮದ ಒರೆಯಲ್ಲಿ ಇಡುವುದೂ ತಪ್ಪು. ಚರ್ಮ ಹದಮಾಡಿದ ರಾಸಾಯನಿಕ ಮತ್ತು ತೇವದಿಂದ ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಒರೆಯನ್ನು ಎಸೆಯಬಾರದು, ಬೇರೆಯಾಗಿ ಇಡಬೇಕು. ಅದರ ಮೇಲೂ ತಯಾರಕರ ಹೆಸರು, ವರ್ಷ ಇರುವುದುಂಟು.

ಅಪರೂಪದ ವಸ್ತುವಿನ ಲೆಕ್ಕವೇ ಬೇರೆ. ಅಮೆರಿಕದ ಸೇನೆ 1907ರಲ್ಲಿ ನಡೆಸಿದ ಪರೀಕ್ಷೆಗಾಗಿ .45 ಅಳತೆಯ ಲೂಗರುಗಳನ್ನು ಬೆರಳೆಣಿಕೆಯಷ್ಟು ತಯಾರಿಸಿದ್ದರು. ಅವುಗಳಲ್ಲೊಂದು 2010ರ ಹರಾಜಿನಲ್ಲಿ 4 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಈ ಸುದ್ದಿ ಓದಿ ಮನೆಯ ಪೆಟ್ಟಿಗೆಯಲ್ಲಿ ನಿಧಿ ಸಿಕ್ಕಿತೆಂದು ಹಿಗ್ಗುವುದು ಸರಿಯಲ್ಲ. ಮಾರಾಟಗಾರ ಕೇಳುವ ಬೆಲೆ ಬೇರೆ, ಹರಾಜಿನಲ್ಲಿ ನಿಜವಾಗಿ ಸಂದ ಬೆಲೆ ಬೇರೆ, ವ್ಯಾಪಾರಿ ಕೊಂಡುಕೊಳ್ಳಲು ಕೊಡುವ ಬೆಲೆ ಇನ್ನೂ ಬೇರೆ. ತನ್ನದೇ ಬಗೆಯ, ಅದೇ ಸ್ಥಿತಿಯ ಪಿಸ್ತೂಲು ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ಎಂಬುದೇ ನಂಬತಕ್ಕ ಅಳತೆ.

ಕಾಗದ ಮತ್ತು ಕಥೆ

‘ಇದು ದೊಡ್ಡ ಜನರಲ್ ಒಬ್ಬನದು’ ಎಂಬ ಮಾತು ಅನೇಕ ಮನೆಗಳಲ್ಲಿ ಪಿಸ್ತೂಲಿನ ಜೊತೆಗೇ ಬಂದಿರುತ್ತದೆ. ಕಥೆಗೆ ದುಡ್ಡು ಕೊಡಬೇಡಿ, ಆಯುಧಕ್ಕೆ ಕೊಡಿ ಎಂಬುದು ಸಂಗ್ರಾಹಕರ ಹಳೆಯ ಎಚ್ಚರಿಕೆ. ಹಿಟ್ಲರನ ಎಸ್‌ಎಸ್ ಪಡೆಯ ಗುರುತನ್ನು ಯುದ್ಧದ ನಂತರ ಒತ್ತಿ ಬೆಲೆ ಏರಿಸಿದ ನಕಲಿಗಳೂ ಮಾರುಕಟ್ಟೆಯಲ್ಲಿವೆ. ಕಥೆಯನ್ನು ಪರೀಕ್ಷಿಸಲು ಇರುವ ಬಲವಾದ ಆಧಾರ ಆ ಹಳೆಯ ಚೀಟಿ. ಅದರಲ್ಲಿ ಸೈನಿಕನ ಹೆಸರು, ತುಕಡಿ, ದಿನಾಂಕ, ಕೆಲವೊಮ್ಮೆ ಪಿಸ್ತೂಲಿನ ಸಂಖ್ಯೆಯೂ ಇರುತ್ತದೆ. ಪೆಟ್ಟಿಗೆ ಖಾಲಿ ಮಾಡುವಾಗ ರದ್ದಿಯೆಂದು ಮೊದಲು ಹೊರಬೀಳುವುದೂ ಅದೇ!

ಕಾನೂನನ್ನು ಮರೆಯುವಂತಿಲ್ಲ. ಬ್ರಿಟನ್ನಿನಲ್ಲಿ 1996ರ ಡನ್‌ಬ್ಲೇನ್ ಶಾಲೆಯ ಹತ್ಯಾಕಾಂಡದ ನಂತರ 1997ರಲ್ಲಿ ಖಾಸಗಿ ಕೈಬಂದೂಕುಗಳನ್ನು ಬಹುಮಟ್ಟಿಗೆ ನಿಷೇಧಿಸಲಾಯಿತು. ಚಾರಿತ್ರಿಕ ಮಹತ್ವವುಳ್ಳ ಕೆಲವಕ್ಕೆ ಮಾತ್ರ ಷರತ್ತಿನ ಮೇಲೆ ವಿನಾಯಿತಿ ಇದೆ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಅನ್ವಯಿಸುತ್ತದೆ. ಪಿತ್ರಾರ್ಜಿತ ಎಂಬ ಕಾರಣಕ್ಕೆ ಪರವಾನಗಿ ತಪ್ಪುವುದಿಲ್ಲ. ಪರವಾನಗಿ ಇಲ್ಲದ ವಾರಸುದಾರರು ಆಯುಧವನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. 2019ರ ತಿದ್ದುಪಡಿಯ ನಂತರ, ಸಾಮಾನ್ಯವಾಗಿ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದವೂ ಈ ಲೆಕ್ಕಕ್ಕೆ ಸೇರುತ್ತವೆ.

ಲೂಗರಿನ ಲೋಹದ ಮೇಲಿರುವುದು ಜರ್ಮನಿಯ ದಾಖಲೆ. ಚೀಟಿಯಲ್ಲಿರುವುದು ಅದನ್ನು ವಶಪಡಿಸಿಕೊಂಡವನ ದಾಖಲೆ. ಅದನ್ನು ಕಳೆದುಕೊಂಡ ಸೈನಿಕ ಶರಣಾದನೋ ಸತ್ತನೋ, ಎರಡರಲ್ಲೂ ಬರೆದಿರುವುದಿಲ್ಲ. ಅಜ್ಜ ಅದನ್ನು ಎಲ್ಲಿ, ಯಾರಿಂದ, ಹೇಗೆ ಪಡೆದ ಎಂದು ಹೇಳಬಲ್ಲ ಹಿರಿಯರು ಮನೆಯಲ್ಲಿ ಇನ್ನೂ ಇದ್ದರೆ, ಅವರ ಮಾತನ್ನು ದಿನಾಂಕ ಹಾಕಿ ಬರೆದಿಡುವುದು ಬೆಲೆ ಕಟ್ಟಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ. ಬೆಲೆ ಕಟ್ಟುವವರು ನಾಳೆಯೂ ಸಿಗುತ್ತಾರೆ.