ವಂಶಾವಳಿ ಹೇಳದ ಮಾತು

ಕುಲ ನೋಡಿ ಹೋರಿ ಕೊಳ್ಳಬೇಕೆಂಬುದು ಹಳೆಯ ಮಾತು. ಆ ಕುಲವೇ ಮೋಸಮಾಡಿದ ಪ್ರಸಂಗವೊಂದು ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕುವ ಹೆರಿಫರ್ಡ್ ದನಗಳಲ್ಲಿ 1940ರ ದಶಕದಲ್ಲಿ ಗಿಡ್ಡ, ದುಂಡು ಮೈಕಟ್ಟಿಗೇ ಮನ್ನಣೆ. ಹೆಸರಾಂತ ಮಂದೆಗಳಲ್ಲಿಯೇ ಗೊರಗೊರನೆ ಉಸಿರೆಳೆಯುವ ಕುಬ್ಜ ಕರುಗಳು ಹುಟ್ಟತೊಡಗಿದವು. ತಂದೆಯದೊಂದು, ತಾಯಿಯದೊಂದು ಪಾಲು ಕೂಡಿದಾಗ ಮಾತ್ರ ಹೊರಬೀಳುವ ದೋಷವದು. ಒಂದೇ ಪಾಲುಳ್ಳ ಹೋರಿ ನೋಟಕ್ಕೆ ನಿರ್ದೋಷಿ. ಹೆಸರು ಕೆಟ್ಟೀತೆಂದು ಅಂಜಿ ಹಲವರು ಕರುಗಳನ್ನು ಮರೆಮಾಚಿದರು, ದೋಷ ಹಬ್ಬಿತು.

ಆಗಿನ ಪರೀಕ್ಷೆಯೆಂದರೆ, ಕುಬ್ಜ ಕರು ಹೆತ್ತ ಹಸುಗಳಿಗೇ ಆ ಹೋರಿಯನ್ನು ಬಿಟ್ಟು ಕಾಯುವುದು. ದೋಷವುಳ್ಳ ಹೋರಿಗೆ ಸಾಲಾಗಿ 16 ಒಳ್ಳೆಯ ಕರುಗಳು ಹುಟ್ಟುವ ಸಂಭವ ನೂರಕ್ಕೆ ಒಂದು. ಫಲ ತಿಳಿಯಲು ವರ್ಷ ಕಳೆಯಬೇಕು.

2008ರಲ್ಲಿ ಆಂಗಸ್ ತಳಿಯಲ್ಲಿ ಬೆನ್ನು ಸೊಟ್ಟಗಾಗಿ, ಕಾಲು ಸೆಟೆದು ಸತ್ತು ಹುಟ್ಟುವ ಕರುಗಳ ಸುದ್ದಿ ಎದ್ದಿತು. ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಬೀವರ್ ಅದೇ ವರ್ಷ ಡಿಎನ್‌ಎ ಪರೀಕ್ಷೆ ಒದಗಿಸಿದರು. ತಳಿಸಂಘವು ದೋಷವಾಹಕಗಳ ಹೆಸರನ್ನು ಬಹಿರಂಗಪಡಿಸಿತು. ವಾಹಕವಾದ ಮಾತ್ರಕ್ಕೆ ಹೋರಿಯನ್ನು ಕಟುಕನಿಗೆ ಕಳುಹಬೇಕಾಗಿಲ್ಲ. ದೋಷವಿಲ್ಲದ ಹಸುವಿಗೆ ಬಿಟ್ಟರೆ ಅಂಥ ಕರು ಹುಟ್ಟದು. ಕುಲಗೌರವವನ್ನು ಮುಚ್ಚುಮರೆಯಲ್ಲ, ಈ ಬಯಲು ಲೆಕ್ಕವೇ ಕಾಯಿತೆಂದು ನನ್ನ ಎಣಿಕೆ.