ಚಹಾ ಬಂದ ದಾರಿ

ಬೆಳಗಿನ ವಾರ್ತೆ ಮುಗಿಯುವ ಹೊತ್ತಿಗೆ ತಮ್ಮ ಮನೆಯ ಒಲೆಯ ಮೇಲೆ ಏನು ಕಾಯುತ್ತಿರುತ್ತದೆಂದು ಕೇಳಿದರೆ ಸಾಕು, ವಾಚಕ ಮಹಾಶಯರು ನಾಡಿನ ಯಾವ ಭಾಗದವರೆಂಬುದನ್ನು ಸುಮಾರಾಗಿ ಊಹಿಸಬಹುದು. ಮೈಸೂರಿನ ಕಡೆಯವರಾದರೆ 'ಕಾಫಿ' ಎನ್ನುವಿರಿ. ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆಯವರಾದರೆ 'ಚಹಾ' ಎನ್ನುವಿರಿ. ಮೈಸೂರಿನವರೂ ಚಹಾ ಕುಡಿಯುವುದುಂಟು; ಆದರೆ ಅದಕ್ಕೆ 'ಟೀ' ಎಂದು ನಾಮಕರಣ ಮಾಡಿದ ಮೇಲೆಯೇ ಕುಡಿಯುತ್ತಾರೆ. ಗಿಡ ಒಂದು, ಎಲೆ ಒಂದು, ಆಡುವ ಭಾಷೆಯೂ ಒಂದೇ. ಹೆಸರು ಮಾತ್ರ ಎರಡು.

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಗ್ರಂಥಭಂಡಾರದಲ್ಲಲ್ಲ. 1990ರ ಸುಮಾರಿಗೆ ಪಂಡಿತ ತರಬೇತಿಗೆಂದು ನಾನು ಧಾರವಾಡಕ್ಕೆ ಹೋದೆ. ಅಲ್ಲಿ ಒಂದು ಬಾಡಿಗೆಯ ಕೋಣೆಯಲ್ಲಿ ನನ್ನ ಜೊತೆಗಿದ್ದವನು ಅಂದಿನ ವಿಜಾಪುರ ಜಿಲ್ಲೆಯ ಒಬ್ಬ ಗೆಳೆಯ. ನಾನು ಕಾಫಿಯ ಮನೆಯಲ್ಲಿ ಬೆಳೆದವನು. ಅವನಿಗೋ ಚಹಾ ಬಾಯಿಗೆ ಬೀಳದೆ ಬೆಳಗೇ ಆಗುತ್ತಿರಲಿಲ್ಲ. 'ಟೀ ಕುಡಿಯೋಣವೇ' ಎಂದು ಮೊದಲ ದಿನ ನಾನು ಕೇಳಿದಾಗ ಅವನು ನಕ್ಕು, "ಟೀ ಅಲ್ಲೋ, ಚಹಾ. ಟೀ ಅಂದ್ರ ಅದಕ್ಕ ರುಚಿನ ಇರೂದಿಲ್ಲ" ಎಂದ. ವಾದ ಅಲ್ಲಿಗೇ ಮುಗಿಯಲಿಲ್ಲ. ಪ್ರತಿ ಭಾನುವಾರ ಒಂದೊಂದು ಹೊಸ ಅಂಗಡಿಯನ್ನು ಪರೀಕ್ಷಿಸುವುದೆಂದೂ, ದಾರಿಯಲ್ಲಿ ಒಬ್ಬನು ಕೇಳಿದ ಶಬ್ದಮಣಿದರ್ಪಣದ ಸೂತ್ರವನ್ನು ಇನ್ನೊಬ್ಬನು ತಪ್ಪಿಲ್ಲದೆ ಹೇಳಬೇಕೆಂದೂ, ತಪ್ಪಿದವನು ಇಬ್ಬರ ಚಹಾದ ಹಣ ತೆರಬೇಕೆಂದೂ ಒಪ್ಪಂದವಾಯಿತು. ಕೇಶಿರಾಜನ ಕೃಪೆಯಿಂದ ನನ್ನ ಕೈಯಿಂದ ಖರ್ಚಾದ ಹಣವೇ ಹೆಚ್ಚು.

ಹೀಗೆ ತಿರುಗಿ ನಾವು ಎಷ್ಟೊಂದು ಬಗೆಯನ್ನು ಕಂಡೆವು! ಸ್ಟ್ಯಾಂಡಿನ ಪಕ್ಕದ ಖಡಕ್ ಚಹಾ, ಹಸಿ ಶುಂಠಿ ಜಜ್ಜಿ ಹಾಕಿದ ಚಹಾ, ಬೆಲ್ಲದ ಚಹಾ, ಹಾಲಿಲ್ಲದ ಲಿಂಬೆಯ ಚಹಾ. ಗಿರಮಿಟ್ಟು, ಮಿರ್ಚಿಗಳ ಜೊತೆಗೆ ಬರುವ ಚಹಾದ ರುಚಿ ಒಂದಾದರೆ ಮಳೆಯಲ್ಲಿ ತೊಯ್ದು ಬಂದಾಗಿನ ರುಚಿ ಮತ್ತೊಂದು. ಕಪ್ಪುಬಶಿಯಲ್ಲಿ ಕೊಟ್ಟರೆ ಗೆಳೆಯನು ಚಹಾವನ್ನು ಬಶಿಗೆ ಸುರಿದು, ಊದಿ, ಸುರ್ರೆಂದು ಎಳೆಯುವನು. ನನಗೆ ಮೊದಮೊದಲು ಸಂಕೋಚವಾಗುತ್ತಿತ್ತು. ತಿಂಗಳು ಕಳೆಯುವುದರೊಳಗೆ ನಾನೂ ಹಾಗೆಯೇ ಎಳೆಯತೊಡಗಿದೆ.

ಈಗ ಹೆಸರಿನ ಮಾತು. ಚೀನೀಯರು ಈ ಗಿಡಕ್ಕೆ ಬರೆಯುವ ಅಕ್ಷರ ಒಂದೇ. ಅದನ್ನು ಹೆಚ್ಚಿನ ಸೀಮೆಗಳಲ್ಲಿ 'ಚಾ' ಎಂದು ಓದುತ್ತಾರೆ, ಫೂಜಿಯನ್ ಕರಾವಳಿಯಲ್ಲಿ 'ತೆ' ಎಂದು ಓದುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಈ ಎಲೆಯನ್ನು ಫೂಜಿಯನ್ ವ್ಯಾಪಾರಿಗಳಿಂದ ಕೊಂಡು ಹಡಗಿನಲ್ಲಿ ಒಯ್ದರು. ಎಲೆಯೊಡನೆ 'ತೆ' ಎಂಬ ಶಬ್ದವೂ ಯುರೋಪನ್ನು ಸೇರಿ ಇಂಗ್ಲಿಷರ ಬಾಯಲ್ಲಿ 'ಟೀ' ಆಯಿತು. ಮಕಾವಿನಲ್ಲಿ ನೆಲೆಯೂರಿದ್ದ ಪೋರ್ಚುಗೀಸರು ಮಾತ್ರ 'ಚಾ' ಎಂದೇ ಕಲಿತರು. ಒಂಟೆಗಳ ಮೇಲೆ ನೆಲದ ದಾರಿಯಲ್ಲಿ ಹೊರಟ 'ಚಾ' ಪಾರಸಿಯಲ್ಲಿ 'ಚಾಯ್' ಆಗಿ ಹಿಂದೂಸ್ಥಾನಿಯನ್ನು ಹೊಕ್ಕಿತು. ಮರಾಠಿಯಲ್ಲಿ 'ಚಹಾ' ಎನಿಸಿತು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳು 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದುವಷ್ಟೆ. ಅತ್ತಣ ಪೇಟೆಯ ಸರಕಿನೊಡನೆ ಅತ್ತಣ ಹೆಸರೂ ಬಂದಿತು. ಮೈಸೂರಿಗೆ ಇಂಗ್ಲಿಷರ ಶಬ್ದ ಸಿಕ್ಕಿತು. ಏಕೀಕರಣವಾಗಿ ನಾಡಿನ ಗಡಿಗಳು ಅಳಿದುವು. ಬಟ್ಟಲಿನ ಗಡಿ ಇನ್ನೂ ಅಳಿದಿಲ್ಲ. ಅಳಿಯದಿದ್ದರೆ ನಷ್ಟವೂ ಇಲ್ಲವೆಂದು ನನ್ನ ಅಭಿಪ್ರಾಯ.

ಚಹಾ ನಮ್ಮಲ್ಲಿ ಅನಾದಿಯೆಂದು ತಿಳಿದವರು ಬಹಳ ಮಂದಿ. ಸೂರತ್ತಿನ ಬನಿಯರು ಸಾಂಬಾರ ಪದಾರ್ಥಗಳನ್ನು ಹಾಕಿಯೋ ಕಲ್ಲುಸಕ್ಕರೆ ಬೆರಸಿಯೋ ಚಹಾ ಕುಡಿಯುತ್ತಿದ್ದುದನ್ನು 1689ರಲ್ಲಿ ಅಲ್ಲಿಗೆ ಬಂದಿದ್ದ ಪಾದ್ರಿ ಓವಿಂಗ್ಟನ್ ಬರೆದಿಟ್ಟಿದ್ದಾನೆ. ಆದರೆ ಅದು ಚೀನದಿಂದ ಬಂದ ಸರಕು, ಬಂದರಿನ ಸಿರಿವಂತರ ಪಾನೀಯ. ಗಿಡವು ನಮ್ಮ ನೆಲದಲ್ಲಿಯೇ ಇತ್ತು, ಅಸ್ಸಾಮಿನ ಕಾಡಿನಲ್ಲಿ. ಅಲ್ಲಿಯ ಸಿಂಗ್‌ಫೋ ಜನರು ಎಲೆಯನ್ನು ಹುರಿದು, ಬಿದಿರಿನ ಕೊಳವೆಯಲ್ಲಿ ತುಂಬಿ, ಹೊಗೆಯಲ್ಲಿಟ್ಟು ಕಾಪಾಡಿ ಬಳಸುತ್ತಿದ್ದರು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್ಲೆಂಡಿನವನಿಗೆ ಆ ಸಂಗತಿಯನ್ನು ತಿಳಿಸಿದವನು ಮಣಿರಾಮ ದೇವಾನ. ಅಸ್ಸಾಮಿನ ಚಹಾ 1839ರ ಜನವರಿಯಲ್ಲಿ ಮೊದಲ ಬಾರಿಗೆ ಲಂಡನ್ನಿನಲ್ಲಿ ಹರಾಜಾಯಿತು, ಎಂಟು ಪೆಟ್ಟಿಗೆ ಮಾತ್ರ. ಮಣಿರಾಮನು ಕೆಲವು ಕಾಲ ಅಸ್ಸಾಂ ಕಂಪನಿಯ ದಿವಾನನಾಗಿದ್ದು, ಬಳಿಕ ಅದನ್ನು ಬಿಟ್ಟು ತನ್ನದೇ ತೋಟಗಳನ್ನು ಮಾಡಿದ. 1857ರ ದಂಗೆಯಲ್ಲಿ ಸಂಚು ಹೂಡಿದನೆಂದು ಅವನನ್ನು 1858ರ ಫೆಬ್ರವರಿಯಲ್ಲಿ ಜೋರ್ಹಾಟಿನಲ್ಲಿ ಗಲ್ಲಿಗೇರಿಸಿದರು. ಗಿಡ ತೋರಿಸಿಕೊಟ್ಟವನಿಗೆ ದೊರೆತ ಪ್ರತಿಫಲ ಇದು. ಶಾಲೆಯಲ್ಲಿ ಈ ಹೆಸರನ್ನು ಹೇಳಿದರೆ ಮಕ್ಕಳು ಇಂದಿಗೂ ಮುಖಮುಖ ನೋಡುತ್ತಾರೆ.

ತೋಟದಲ್ಲಿ ದುಡಿದವರ ಕಥೆಯಾದರೂ ಸುಖದ್ದಲ್ಲ. ಛೋಟಾ ನಾಗಪುರ ಮೊದಲಾದ ಸೀಮೆಗಳಿಂದ ಬಡವರನ್ನು ಕರಾರಿನ ಮೇಲೆ ಸಾಗಿಸಿ ತಂದರು. 1859ರ ಕಾಯಿದೆಯಿಂದ ಕರಾರು ಮುರಿದ ಕೂಲಿಯನ್ನು ಸೆರೆಗೆ ಕಳಿಸಬಹುದಾಗಿತ್ತು. 1921ರಲ್ಲಿ ಚರಗೋಲಾ ಕಣಿವೆಯ ತೋಟಗಳಿಂದ ಸಾವಿರಾರು ಕೂಲಿಗಳು ಹೆಂಡಿರು ಮಕ್ಕಳೊಡನೆ ಊರಿಗೆ ಹೋಗುತ್ತೇವೆಂದು ಕಾಲ್ನಡಿಗೆಯಲ್ಲಿ ಹೊರಟುಬಿಟ್ಟರು. ಚಾಂದಪುರದ ರೈಲು ನಿಲ್ದಾಣದಲ್ಲಿ ಅವರ ಮೇಲೆ ಗೂರ್ಖಾ ಸಿಪಾಯಿಗಳನ್ನು ಬಿಟ್ಟರು.

ಇಷ್ಟೆಲ್ಲ ಆದರೂ ಈ ನಾಡಿನ ಸಾಮಾನ್ಯರು ಚಹಾ ಕುಡಿಯುತ್ತಿರಲಿಲ್ಲ. ಅದು ಪರದೇಶಕ್ಕೆ ಹೋಗುವ ಮಾಲು. 1903ರಲ್ಲಿ ರಫ್ತಿನ ಚಹಾದ ಮೇಲೆ ಒಂದು ಸಣ್ಣ ಕರ ಹಾಕಿ, ಆ ಹಣದಿಂದ ಪ್ರಚಾರ ಮಾಡಲು ಸಮಿತಿಯೊಂದನ್ನು ನೇಮಿಸಿದರು. ಮುಂದೆ 1930ರ ದಶಕದಲ್ಲಿ ಪರದೇಶದ ಪೇಟೆ ಕುಸಿದಾಗ ವ್ಯಾಪಾರಿಗಳ ಕಣ್ಣು ನಿಜವಾಗಿ ನಮ್ಮ ಕಡೆಗೆ ತಿರುಗಿತು. ಪೇಟೆ, ಜಾತ್ರೆ, ಕಾರ್ಖಾನೆಗಳಲ್ಲಿ ಬಿಸಿ ಚಹಾ ಕಾಸಿ ಹಂಚಿದರು. ಚಹಾ ಮಾಡುವ ಕ್ರಮವನ್ನು ದೇಶಭಾಷೆಗಳಲ್ಲಿ ಬರೆದ ತಗಡಿನ ಹಲಗೆಗಳನ್ನು ರೈಲು ನಿಲ್ದಾಣಗಳಲ್ಲಿ ತೂಗುಹಾಕಿದರು. ಚಹಾ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಗಾಂಧೀಜಿ ಬರೆಯುತ್ತಿದ್ದರೆ, 1947ರಲ್ಲಿ ಅದೇ ಚಹಾಕ್ಕೆ ಚರಕದ ಹೆಂಗಸಿನ ಚಿತ್ರ ಬರೆದು 'ಅಪ್ಪಟ ಸ್ವದೇಶಿ' ಎಂದು ಸಾರುವ ಜಾಹೀರಾತು ಬಂದಿತು. ವ್ಯಾಪಾರದ ಜಾಣತನ ಎಂದರೆ ಇದೇ ಅಲ್ಲವೆ!

ಬಡವನ ಬಟ್ಟಲಿಗೆ ಚಹಾ ನಿಜವಾಗಿ ಇಳಿದದ್ದು ಯಂತ್ರದಿಂದ. 1930ರ ದಶಕದ ಆರಂಭದಲ್ಲಿ ಅಸ್ಸಾಮಿನ ಅಮಗುರಿ ತೋಟದ ಮೆಕರ್ಚರ್ ಎಂಬವನು ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಯಂತ್ರವನ್ನು ತಂದ. ಅದರಿಂದ ಬರುವ ಕಾಳುಕಾಳಾದ ಪುಡಿ ಬೇಗ ಬಣ್ಣ ಬಿಡುತ್ತದೆ, ಹಾಲಿನಲ್ಲಿ ಕುದಿಸಿದರೂ ಕಸುವು ಕಳೆದುಕೊಳ್ಳುವುದಿಲ್ಲ, ಒಂದು ಸೇರು ಪುಡಿಗೆ ಬಟ್ಟಲುಗಳು ಹೆಚ್ಚು ಏಳುತ್ತವೆ. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಈ ಪುಡಿ ಹಬ್ಬಿದಂತೆಲ್ಲ ರಸ್ತೆಯ ತಿರುವಿಗೊಂದು ಚಹಾದಂಗಡಿ ಎದ್ದಿತು. ಇದರಿಂದ ತಮಗೆ ತಿಳಿಯುವುದೇನೆಂದರೆ, ಅಜ್ಜನ ಕಾಲದ್ದೆಂದು ನಾವು ತಿಳಿದ ಚಹಾದಂಗಡಿಗೆ ಬಹಳವಾದರೆ ಒಬ್ಬ ಅಜ್ಜನ ವಯಸ್ಸು.

ಹೊಸ ಪಾನೀಯವಾದುದರಿಂದ ಅದಕ್ಕೆ ಹಳೆಯ ಮಡಿಮೈಲಿಗೆ ತಟ್ಟಬಾರದಾಗಿತ್ತು. ಆದರೆ ತಟ್ಟಿತು. ಬ್ರಿಟಿಷರ ಕಾಲದ ರೈಲು ನಿಲ್ದಾಣಗಳಲ್ಲಿ 'ಹಿಂದೂ ಚಾಯ್', 'ಮುಸಲ್ಮಾನ್ ಚಾಯ್' ಎಂದು ಬೇರೆ ಬೇರೆಯಾಗಿ ಕೂಗಿ ಮಾರುತ್ತಿದ್ದರು. ಆಜಾದ್ ಹಿಂದ್ ಸೇನೆಯ ಸೆರೆಯಾಳುಗಳನ್ನು ದಿಲ್ಲಿಯಲ್ಲಿ ಗಾಂಧೀಜಿ ಕಂಡಾಗ, ಸೆರೆಯಲ್ಲಿಯೂ ತಮಗೆ ಎರಡು ಚಹಾ ಬರುತ್ತವೆಂದೂ, ತಾವು ಎರಡನ್ನೂ ಬೆರಸಿ ಹಂಚಿಕೊಂಡು ಕುಡಿಯುತ್ತೇವೆಂದೂ ಅವರು ಹೇಳಿದರಂತೆ. ಇನ್ನು ಹೋಟೆಲುಗಳಲ್ಲಿ ಜಾತಿಗೊಂದು ಸಾಲು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಅಂಗಡಿ, ಉಪಾಹಾರಗೃಹಗಳ ಪ್ರವೇಶವನ್ನು ಮಾತ್ರವಲ್ಲ, ಅಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳ ಬಳಕೆಯನ್ನೂ ಹೆಸರಿಸಿ, ಅಸ್ಪೃಶ್ಯತೆಯ ಕಾರಣದಿಂದ ಅದನ್ನು ತಡೆಯುವುದು ಅಪರಾಧವೆಂದಿತು. ಲೋಟದ ಮಾತು ಕಾನೂನಿನ ಪುಸ್ತಕಕ್ಕೆ ಏರಬೇಕಾಯಿತೆಂದರೆ ಅದು ಸಣ್ಣ ಮಾತಲ್ಲ.

ಆ ಕಾಯಿದೆ ಬಂದು ಮೂವತ್ತೈದು ವರ್ಷವಾದ ಮೇಲಿನ ಸಂಗತಿಯೊಂದನ್ನು ಹೇಳುತ್ತೇನೆ. ಯುಗಾದಿಯ ರಜೆಯಲ್ಲಿ ಗೆಳೆಯನು ನನ್ನನ್ನು ತನ್ನ ಊರಿಗೆ ಕರೆದೊಯ್ದ. ಬಸ್ಸು ಇಳಿದ ಕೂಡಲೆ, "ನಮ್ಮೂರ ಚಹಾನೂ ಒಂದ್ ಸಲ ನೋಡು" ಎಂದ. ತಗಡಿನ ಮಾಡಿನ ಸಣ್ಣ ಅಂಗಡಿ. ದಾರಿಯಲ್ಲಿ ಅವನು ಕೇಳಿದ್ದ ಸೂತ್ರವನ್ನು ನಾನು ನೆನಪಿಸಿಕೊಳ್ಳುತ್ತಿದ್ದೆ. ಅಂಗಡಿಯವನು ನನಗೆ ಕಪ್ಪುಬಶಿ ಕೊಟ್ಟು, ಬೆಂಚು ತೋರಿಸಿದ. ಗೆಳೆಯನು ಕೂಡಲಿಲ್ಲ. ಮಾಡಿನ ಗಳದ ಸಂದಿಯಲ್ಲಿ ಸಿಕ್ಕಿಸಿದ್ದ ಒಂದು ಗಾಜಿನ ಲೋಟವನ್ನು ತಾನೇ ತೆಗೆದುಕೊಂಡು, ತಾನೇ ತೊಳೆದು, ಹಿಡಿದು ನಿಂತ. ಅಂಗಡಿಯವನು ಮೇಲಿನಿಂದ ಚಹಾ ಸುರಿದ. ಒಂದು ವರ್ಷ ಒಂದೇ ಬಶಿಯಲ್ಲಿ ಕುಡಿದ ನನಗೆ ಅವನ ಜಾತಿ ತಿಳಿಯದೆ ಇರಲಿಲ್ಲ. ಆದರೆ ಅದರ ಅರ್ಥ ತಿಳಿದಿರಲಿಲ್ಲ. ಬಶಿ ಹಿಡಿದ ಕೈ ಹಾಗೆಯೇ ನಿಂತಿತು. ಅವನು ನನ್ನ ಕಡೆ ನೋಡಿ, "ಚಾ ಆರತೈತಿ ದೋಸ್ತ, ಮೊದಲ ಕುಡಿ" ಎಂದ. ನಾನು ಕುಡಿದೆ. ಏಳಲಿಲ್ಲ, ಕೇಳಲಿಲ್ಲ, ಬಶಿಯನ್ನು ಕೆಳಗಿಡಲೂ ಇಲ್ಲ. ಹಣವನ್ನು ಅವನೇ ಕೊಟ್ಟ. ಸೂತ್ರದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಅವನೂ ನನ್ನಂತೆಯೇ ಮಾಸ್ತರನಾದ. ಈಚೆಗೆ ನಮ್ಮ ಮನೆಗೆ ಬಂದಿದ್ದಾಗ, "ಕಾಫಿಯೋ ಟೀಯೋ" ಎಂದು ನನ್ನಾಕೆ ಕೇಳಿದಳು. "ಚಹಾ ಮಾಡ್ರಿ ವೈನಿ" ಎಂದ. ಮಾತಿನ ನಡುವೆ ಆ ಅಂಗಡಿಯ ವಿಚಾರ ಕೇಳಿದೆ. ಹಳೆಯವನು ಹೋದನಂತೆ, ಈಗ ಮಗ ನಡೆಸುತ್ತಾನಂತೆ. ಗಳದ ಸಂದಿಯ ಲೋಟವಿಲ್ಲ. ಎಲ್ಲರಿಗೂ ಕಾಗದದ ಲೋಟ, ಕುಡಿದು ಎಸೆಯುವುದು. "ಹಂಗಾರ ಎಲ್ಲಾ ಸರಿ ಆಯ್ತಲ್ಲ" ಎಂದೆ, ಅವನ ಮಾತಿನ ಧಾಟಿಯಲ್ಲಿಯೇ. "ಬೆಂಚ್ ಮ್ಯಾಲ ಇನ್ನೂ ಕುಂತು ನೋಡಿಲ್ಲ" ಎಂದ.

ಬಶಿಗೆ ಸುರಿದ ಚಹಾ ಮುಗಿಸಿ, ಅಂದಿನ ಸೂತ್ರ ಬಾಕಿ ಇದೆ, ಹೇಳು ಎಂದ. ಇಷ್ಟು ವರ್ಷ ಅದನ್ನೇ ಪಾಠ ಹೇಳಿದ ಬಾಯಿಗೆ ಆಗ ಅದು ಬರಲಿಲ್ಲ. ಎದ್ದು ಹೋಗಿ ಎರಡನೆಯ ಸಲಕ್ಕೆ ನೀರಿಟ್ಟೆ.